ಕದ್ದು ನೋಡುವ ಕಣ್ಣು

ಕೇಳುಗರೇ, ನಮಸ್ಕಾರ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಇತ್ತು. ಲೆಕ್ಕ ಕೊಟ್ಟರೆ ಉತ್ತರ ಎಷ್ಟೋ ಅಷ್ಟು ಸಲ ಗೊರಸು ಬಡಿಯುತ್ತಿತ್ತು. 1907ರಲ್ಲಿ ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ ಇದರ ಗುಟ್ಟು ಬಿಡಿಸಿದರು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್ ಕೂಡ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದೊಡನೆ ಅವರ ತಲೆ ಅವರಿಗೇ ಅರಿವಿಲ್ಲದೆ ತುಸು ಮೇಲೇಳುತ್ತಿತ್ತು, ಕುದುರೆ ಅಲ್ಲಿಗೆ ನಿಲ್ಲಿಸುತ್ತಿತ್ತು. ಇದನ್ನು ಕುದುರೆಯ ಸೋಲೆಂದು ಹೇಳುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಸುತ್ತ ನೆರೆದ ಜನ ಯಾರೂ ಗಮನಿಸದ ಅಲುಗಾಟ ಅದಕ್ಕೆ ಕಂಡಿತ್ತಲ್ಲ!

ಆದರೆ ಮೈಯ ಸನ್ನೆ ತಿಳಿಯುವುದು ಬೇರೆ, ಎದುರಿಗಿರುವ ಜೀವಕ್ಕೆ ಏನು ಗೊತ್ತಿದೆ ಎಂದು ತಿಳಿಯುವುದು ಬೇರೆ. ಚಿಂಪಾಂಜಿಗೆ ಈ ಎರಡನೆಯದು ಸಾಧ್ಯವೇ ಎಂದು ಪ್ರಿಮ್ಯಾಕ್ ಮತ್ತು ವುಡ್ರಫ್ ಎಂಬ ಸಂಶೋಧಕರು 1978ರಲ್ಲಿ ಕೇಳಿದರು. ವಾದ ಇನ್ನೂ ಮುಗಿದಿಲ್ಲ. 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬಲಶಾಲಿ ಚಿಂಪಾಂಜಿಗೆ ಕಾಣದಂತೆ ಮರೆಯಲ್ಲಿಟ್ಟ ತಿನಿಸಿನತ್ತಲೇ ದುರ್ಬಲ ಚಿಂಪಾಂಜಿ ಹೆಚ್ಚಾಗಿ ಹೋಯಿತು. ಒಪ್ಪದವರು ಇದನ್ನೂ ಸನ್ನೆಯ ಲೆಕ್ಕಕ್ಕೇ ಸೇರಿಸಿದರು. ಎದುರಾಳಿಯ ಮುಖ ಯಾವ ಕಡೆಗಿದೆ ಎಂದು ನೋಡಿಕೊಂಡರೆ ಸಾಕಲ್ಲವೇ ಎಂದರು.

ಹಾಗಾದರೆ ಎದುರಾಳಿಯ ಮೈಯೇ ಕಾಣದಿದ್ದರೆ? ವಿಯೆನ್ನಾದ ಸಂಶೋಧಕರು ರೇವನ್ ಎಂಬ ದೊಡ್ಡ ಕಾಗೆಗಳನ್ನು ಹೀಗೆಯೇ ಪರೀಕ್ಷಿಸಿ, ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ಈ ಹಕ್ಕಿಗಳು ಆಹಾರವನ್ನು ಬಚ್ಚಿಡುತ್ತವೆ, ಒಂದರದ್ದನ್ನು ಇನ್ನೊಂದು ಕದಿಯುತ್ತವೆ. ಮೊದಲು ಅವು ಸಣ್ಣ ಇಣುಕುಕಿಂಡಿಯಿಂದ ಪಕ್ಕದ ಕೋಣೆಯನ್ನು ನೋಡಲು ಕಲಿತವು. ಆಮೇಲೆ ಪಕ್ಕದ ಕೋಣೆಯಲ್ಲಿ ಹಕ್ಕಿಯೇ ಇರಲಿಲ್ಲ, ರೇವನ್ ದನಿಯ ಧ್ವನಿಮುದ್ರಣ ಮಾತ್ರ ಕೇಳುತ್ತಿತ್ತು. ಕಿಂಡಿ ತೆರೆದಿದ್ದಾಗ ಅವು ಕಳ್ಳಗಣ್ಣು ತಮ್ಮ ಮೇಲಿದೆ ಎಂಬಂತೆ ಬೇಗಬೇಗ ಬಚ್ಚಿಟ್ಟವು. ಕಿಂಡಿ ಮುಚ್ಚಿದ್ದಾಗ, ಅದೇ ದನಿ ಕೇಳಿದರೂ, ಆ ಎಚ್ಚರವಿರಲಿಲ್ಲ. ತಾವು ಇಣುಕಿದ್ದ ಕಿಂಡಿಯಿಂದ ಇನ್ನೊಂದು ಹಕ್ಕಿಯೂ ಇಣುಕಬಹುದು ಎಂಬುದು ಅವಕ್ಕೆ ಹೊಳೆದಿತ್ತು. ನಾನಂತೂ ಇದನ್ನು ಹೀಗೆಯೇ ಅರ್ಥಮಾಡಿಕೊಳ್ಳುತ್ತೇನೆ.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಕಾಗೆಯ ಕುಲದ್ದೇ ಆದ ಸ್ಕ್ರಬ್ ಜೇ. ಸಂಶೋಧಕರಾದ ನಿಕೋಲಾ ಕ್ಲೇಟನ್ ಮತ್ತು ನೇಥನ್ ಎಮೆರಿ ಈ ಹಕ್ಕಿಯ ಮೇಲೆ ನಡೆಸಿದ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಒಂದು ಹಕ್ಕಿ ಆಹಾರ ಬಚ್ಚಿಡುವಾಗ ಇನ್ನೊಂದು ನೋಡುತ್ತಿರುತ್ತದೆ. ಆಮೇಲೆ ಬಚ್ಚಿಟ್ಟ ಹಕ್ಕಿಯನ್ನು ಒಂಟಿಯಾಗಿ ಬಿಡುತ್ತಾರೆ. ಆಗ ಅದು ಆಹಾರವನ್ನು ಹೊರತೆಗೆದು ಹೊಸ ಜಾಗಕ್ಕೆ ಸಾಗಿಸುತ್ತದೆ. ಆದರೆ ಎಲ್ಲ ಹಕ್ಕಿಗಳೂ ಹೀಗೆ ಮಾಡಲಿಲ್ಲ. ಹಿಂದೆ ತಾವೇ ಬೇರೆಯವರದ್ದನ್ನು ಕದ್ದಿದ್ದವು ಮಾತ್ರ ಜಾಗ ಬದಲಿಸಿದವು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬ ನಮ್ಮ ಗಾದೆ ಹಕ್ಕಿಗೂ ಸಲ್ಲುತ್ತದೆ ನೋಡಿ. ಬೇರೆ ಹಕ್ಕಿಗಳು ಬಚ್ಚಿಡುವುದನ್ನು ನೋಡಿದ್ದರೂ ಎಂದೂ ಕದಿಯದಿದ್ದವು ತಮ್ಮ ಆಹಾರವನ್ನು ಇದ್ದಲ್ಲೇ ಬಿಟ್ಟವು. ಕಳ್ಳತನ ಹೇಗಿರುತ್ತದೆಂದು ಅವುಗಳಿಗೆ ತಿಳಿಸಿಕೊಡುವಂಥದ್ದು ಅವುಗಳ ಬದುಕಿನಲ್ಲಿ ನಡೆದೇ ಇರಲಿಲ್ಲ.