ಮಲೆನಾಡಿನ ಹಸಿರಿಗೆ ಬೇರೆ ಬಣ್ಣ

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ಕುಂದಾದ್ರಿ. ತೀರ್ಥಹಳ್ಳಿ ಕಡೆಯವರು ಬಂಡೆ ನೋಡಿಯೇ ಗುರುತು ಹಿಡಿದಿರುತ್ತೀರಿ. ಆದರೆ ಕೆಳಗಿನ ಕಾಡು ಬಂಗಾರದ ಬಣ್ಣ, ಬಸದಿ ಪಕ್ಕದ ಕೊಳ ಕಪ್ಪು. ಇದು ಇನ್ಫ್ರಾರೆಡ್ ಫೋಟೋ. ಬೆಳಕು ನಿಜವಾದದ್ದು. ಅದಕ್ಕೆ ಯಾವ ಬಣ್ಣ ಕೊಡಬೇಕು ಅನ್ನುವುದು ಮಾತ್ರ ನನ್ನ ಆಯ್ಕೆ. ಇವತ್ತಿನ ಮಾತು ಪೂರ್ತಿ ಆ ಆಯ್ಕೆಯ ಬಗ್ಗೆ.

ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್ ತನಕದ ಬೆಳಕು. ಕ್ಯಾಮೆರಾ ಸೆನ್ಸರ್ 700ರ ಆಚೆಗಿನ ಇನ್ಫ್ರಾರೆಡ್ ಬೆಳಕನ್ನೂ ನೋಡಬಲ್ಲದು. ಆ ಬೆಳಕು ಒಳಗೆ ಬರದಿರಲಿ ಅಂತ ಸೆನ್ಸರ್ ಮುಂದೆ ಒಂದು ಗಾಜು ಕೂರಿಸಿರುತ್ತಾರೆ. ನನ್ನ ಹಳೇ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಆ ಗಾಜನ್ನು ತೆಗೆಸಿದ್ದೇನೆ. ಲೆನ್ಸ್ ಮುಂದೆ 590ರ ಫಿಲ್ಟರ್ ಇದೆ, ಅಂದರೆ ಸುಮಾರು 590 ನ್ಯಾನೋಮೀಟರ್‌ಗಿಂತ ಮೇಲಿನ ಬೆಳಕನ್ನಷ್ಟೇ ಬಿಡುವಂಥದ್ದು. ಕಿತ್ತಳೆ, ಕೆಂಪು, ಇನ್ಫ್ರಾರೆಡ್ ಇಷ್ಟೇ ಒಳಗೆ ಹೋಗುತ್ತದೆ. 720ರ ಫಿಲ್ಟರ್‌ನಲ್ಲಿ ಬಣ್ಣಕ್ಕೆ ಜಾಗ ಕಡಿಮೆ. 850 ಅಂದರೆ ಹೆಚ್ಚುಕಡಿಮೆ ಕಪ್ಪು ಬಿಳುಪು.

ಎಲೆ ಯಾಕೆ ಇಷ್ಟು ಹೊಳೆಯುತ್ತದೆ? ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಇನ್ಫ್ರಾರೆಡ್ಡನ್ನು ಹಾಗೇ ಒಳಗೆ ಬಿಡುತ್ತದೆ. ಒಳಗೆ ಹೋದ ಬೆಳಕು ಎಲೆಯ ಕೋಶಗಳಿಗೂ ನಡುವಿನ ಗಾಳಿಯ ಸಂದುಗಳಿಗೂ ಬಡಿದು ಚದುರಿ ಹೊರಗೆ ಬರುತ್ತದೆ. 1910ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಇಂಥ ಫೋಟೋಗಳನ್ನು ಪ್ರಕಟಿಸಿದರು. ಎಲೆ ಹೀಗೆ ಹೊಳೆಯುವುದಕ್ಕೆ ವುಡ್ ಎಫೆಕ್ಟ್ ಅನ್ನುತ್ತಾರೆ.

ಈಗ ಅಡಿಕೆ ತೋಟಕ್ಕೆ ಬರೋಣ. ಮಳೆಗಾಲ ಮುಗಿದ ಮೇಲೆ ಮಲೆನಾಡಿನಲ್ಲಿ ಎಲ್ಲಿ ನೋಡಿದರೂ ಹಸಿರೇ, ಅಲ್ವಾ? ಮಾಮೂಲಿ ಕ್ಯಾಮೆರಾದಲ್ಲಿ ತೆಗೆದರೆ ಅಡಿಕೆ, ಬಾಳೆ, ಹಿಂದಿನ ಸೊಪ್ಪಿನ ಬೆಟ್ಟ ಎಲ್ಲಾ ಒಂದಕ್ಕೊಂದು ಸೇರಿಹೋಗುತ್ತದೆ. ಇಲ್ಲಿ ನೋಡಿ. ಹುಲ್ಲಿನ ಮೇಲೆ ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣಗಳ ಸಮತೋಲ, ಹೊಂದಿಸಿದೆ. ಡಿಜಿಟಲ್ ಫೋಟೋದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಪದರ ಇರುತ್ತವೆ, ಅವೇ ಚಾನೆಲ್. ಮನೆಗೆ ಬಂದು ಕೆಂಪು ಮತ್ತು ನೀಲಿ ಚಾನೆಲ್ ಅದಲು ಬದಲು ಮಾಡಿದೆ. ಆಕಾಶ ನೀಲಿಯಾಯಿತು, ಹಸಿ ಎಲೆ ಹೊಂಬಣ್ಣಕ್ಕೆ ತಿರುಗಿತು. ಒಣಗಿದ ಸೋಗೆ ಮಾತ್ರ ಬೇರೆ. ಅದು ಕೆಂಪು ಬೆಳಕನ್ನೂ ಜಾಸ್ತಿ ಹಿಂದೆ ಕಳಿಸುತ್ತದೆ. ಹಾಗಾಗಿ ಅದಲು ಬದಲಾದ ಮೇಲೆ ನೀಲಿ ಕಡೆ ವಾಲುತ್ತದೆ. ಬಂಗಾರದ ತೋಟದ ಮಧ್ಯೆ ಅಲ್ಲಲ್ಲಿ ನೀಲಿ ಗೆರೆಗಳು.

ತೋಟದ ಯಜಮಾನರು ಲ್ಯಾಪ್‌ಟಾಪ್‌ನಲ್ಲಿ ಇದನ್ನು ತುಂಬಾ ಹೊತ್ತು ನೋಡಿದರು. ಮೂಲೆಯ ನಾಲ್ಕೈದು ಮರಗಳ ಮೇಲೆ ಬೆರಳಿಟ್ಟು, "ಇದು ಎಲೆ ಚುಕ್ಕಿ ಬಿದ್ದ ಜಾಗ ಮಾರಾಯ, ಬಣ್ಣ ಬೇರೆ ಬಂದಿದೆ ನೋಡು" ಅಂದರು. ನನ್ನ ಒಂದು ಫೋಟೋ ರೋಗ ಪತ್ತೆ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ದಾರಿ ಹೊಸದೇನಲ್ಲ. ನಮ್ಮ ದೇಶದ ದೂರಸಂವೇದಿ ಕೆಲಸ, ಅಂದರೆ ನೆಲವನ್ನು ಮೇಲಿನಿಂದ ನೋಡಿ ಅರಿಯುವ ಕೆಲಸ, ಶುರುವಾಗಿದ್ದೇ ಹೀಗೆ. 1970ರಲ್ಲಿ ಕೇರಳದ ತೆಂಗಿನ ತೋಟಗಳ ರೋಗ ತಿಳಿಯಲು ಹೆಲಿಕಾಪ್ಟರ್‌ನಿಂದ ಇನ್ಫ್ರಾರೆಡ್ ಬಣ್ಣದ ಫಿಲ್ಮ್‌ನಲ್ಲಿ ಫೋಟೋ ತೆಗೆದಿದ್ದರು.

ಅಂಥ ಫಿಲ್ಮ್‌ಗಳಲ್ಲಿ ಹೆಸರುವಾಸಿ ಕೊಡಾಕ್‌ನ ಏರೋಕ್ರೋಮ್. ಅದರಲ್ಲಿ ಇನ್ಫ್ರಾರೆಡ್ ಕೆಂಪಾಗಿ, ಕೆಂಪು ಹಸಿರಾಗಿ, ಹಸಿರು ನೀಲಿಯಾಗಿ ಕಾಣುತ್ತದೆ. ಉಪಗ್ರಹದ ಚಿತ್ರಗಳಲ್ಲಿ ಪಶ್ಚಿಮ ಘಟ್ಟ ಕಡುಕೆಂಪಾಗಿ ಕಾಣುವುದೂ ಇಂಥದೇ ಲೆಕ್ಕದಿಂದ. ಫಿಲ್ಮ್ ತಯಾರಿಕೆ ನಿಂತು ವರ್ಷಗಳಾದವು. ಆದರೆ 590ರ ಫೈಲ್‌ನಲ್ಲಿ ನೀಲಿ ಚಾನೆಲ್‌ಗೆ ಬಿದ್ದಿರುವುದು ಬಹುತೇಕ ಇನ್ಫ್ರಾರೆಡ್ ಒಂದೇ. ಅದನ್ನು ಕೆಂಪಿನ ಜಾಗಕ್ಕೆ ತಂದರೆ ಅದೇ ಕಾಡು ಹೀಗೆ ದಾಸವಾಳದ ಹಾಗೆ ಕೆಂಪಾಗುತ್ತದೆ.

ಗುಲಾಬಿ, ನೇರಳೆ ಕೂಡ ಮಾಡಿ ನೋಡಿದೆ. ನೋಡಲು ಚೆಂದ. ಆದರೆ ಇಡೀ ಚಿತ್ರವನ್ನು ನೇರಳೆ ಕಡೆ ಎಳೆದಾಗ ಆ ನೀಲಿ ಸೋಗೆಗಳು ಕಾಣೆಯಾದವು. ಹಸಿ ಎಲೆಗೂ ಒಣ ಎಲೆಗೂ ವ್ಯತ್ಯಾಸ ಉಳಿಯಲಿಲ್ಲ. ಬಣ್ಣ ಎಷ್ಟು ಬೇಕಾದರೂ ವಿಚಿತ್ರವಾಗಿರಲಿ, ನನಗೆ ತಕರಾರಿಲ್ಲ. ಆದರೆ ಕ್ಯಾಮೆರಾ ಕಷ್ಟಪಟ್ಟು ಬೇರೆ ಮಾಡಿದ್ದನ್ನು ನಾನು ಸುಮ್ನೆ ಒಂದು ಮಾಡಬಾರದು. ಅದಕ್ಕೇ ತೋಟಕ್ಕೆ ಬಂಗಾರ, ಕುಂದಾದ್ರಿಯ ದೂರದ ಬೆಟ್ಟಸಾಲಿಗೆ ಕೆಂಪು ಇಟ್ಟುಕೊಂಡೆ.

ಬೆಟ್ಟಸಾಲು ಇಷ್ಟು ಸ್ಪಷ್ಟವಾಗಿ ಬಂದಿರುವುದಕ್ಕೂ ಕಾರಣ ಇದೆ. ಗಾಳಿಯಲ್ಲಿನ ತೆಳು ಮಬ್ಬನ್ನು ಇನ್ಫ್ರಾರೆಡ್ ದಾಟುತ್ತದೆ. ಮಂಜನ್ನು ದಾಟುವುದಿಲ್ಲ, ಅದರ ನೀರಹನಿಗಳು ದೊಡ್ಡವು. ಆಗುಂಬೆ ಮಂಜಿನೊಳಗೆ ಈ ಕ್ಯಾಮೆರಾ ತಂದರೂ ಸಿಗುವುದು ಬಿಳಿ ಗೋಡೆಯೇ. ಬಿಸಿಲು ಬೇಕು, ಅದೂ ನಡುಮಧ್ಯಾಹ್ನದ ಬಿಸಿಲು. ಬೇರೆ ಫೋಟೋಗ್ರಾಫರ್‌ಗಳು ಊಟಕ್ಕೆ ಹೋಗುವ ಹೊತ್ತಿಗೆ ನಮ್ಮ ಕೆಲಸ ಶುರು.

ನಿಮಗೂ ಆಸೆಯಾದರೆ ಮೊದಲೇ ಗಾಜು ತೆಗೆಸಬೇಡಿ. ಟಿವಿ ರಿಮೋಟ್‌ನ ಬಲ್ಬನ್ನು ನಿಮ್ಮ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿ. ಸ್ಕ್ರೀನ್ ಮೇಲೆ ಬೆಳಕು ಕಂಡರೆ ಸ್ವಲ್ಪ ಇನ್ಫ್ರಾರೆಡ್ ಒಳಗೆ ಬರುತ್ತಿದೆ ಅಂತ. ಒಂದು 720ರ ಫಿಲ್ಟರ್, ಒಂದು ಟ್ರೈಪಾಡ್, ಗಾಳಿ ಇಲ್ಲದ ದಿನ. ಎಕ್ಸ್‌ಪೋಷರ್‌ಗೆ ಹಲವು ಸೆಕೆಂಡ್ ಬೇಕಾಗುತ್ತದೆ. ಆಮೇಲೆ ಫೈಲನ್ನು ರಾ (RAW) ಆಗಿಯೇ, ಅಂದರೆ ಸೆನ್ಸರ್ ಕೊಟ್ಟ ಹಾಗೇ, ಇಟ್ಟುಕೊಳ್ಳಿ. ಚಾನೆಲ್ ಬದಲಿಸುವುದು ಹೇಗೆ ಅಂತ ಮುಂದಿನ ವಿಡಿಯೋದಲ್ಲಿ ಇದೇ ತೋಟದ ಫೈಲ್ ಇಟ್ಟುಕೊಂಡು ತೋರಿಸುತ್ತೇನೆ.