ತಿದಿಯ ಗಾಳಿ, ಕುಲುಮೆಯ ಕಾವು

ಕೇಳುಗರಿಗೆ ನಮಸ್ಕಾರ.

ಇದ್ದಿಲಿಗೆ ಸುಮ್ನೆ ಬೆಂಕಿ ಹಚ್ಚಿದರೆ ಜೋಳದ ತೆನೆ ಸುಡಬಹುದು, ಕುಡುಗೋಲು ಬಡಿಯಲಾಗುವುದಿಲ್ಲ. ಕಬ್ಬಿಣ ಕೆಂಪಗೆ ಕಾಯಬೇಕಾದರೆ ಗಾಳಿ ಬೇಕು. ಅದೂ ಎಡೆಬಿಡದೆ ಬೇಕು.

ಹಳೆಯ ತಿದಿ ಅಂದರೆ ಮೇಕೆ ಚರ್ಮದ ಚೀಲ. ಒಂದು ತುದಿಗೆ ಕೊಳವೆ. ಇನ್ನೊಂದು ತುದಿಯಲ್ಲಿ ಸೀಳುಬಾಯಿ, ಅದರ ಎರಡೂ ಅಂಚಿಗೆ ಬಿದಿರಿನ ಪಟ್ಟಿ. ಎತ್ತುವಾಗ ಬೆರಳು ಅಗಲಿಸಿದರೆ ಚೀಲ ಗಾಳಿ ಕುಡಿಯುತ್ತದೆ. ಬಾಯಿ ಬಿಗಿಹಿಡಿದು ಒತ್ತಿದರೆ ಗಾಳಿ ಕುಲುಮೆಗೆ ನುಗ್ಗುತ್ತದೆ. ಒಂದೇ ಚೀಲವಾದರೆ ಎತ್ತುವಷ್ಟು ಹೊತ್ತು ಬೆಂಕಿ ಮಂಕಾಗುತ್ತದೆ. ಅದಕ್ಕೇ ಜೋಡಿ ತಿದಿ. ಎಡಗೈ ಏರುವಾಗ ಬಲಗೈ ಇಳಿಯಬೇಕು. ಸ್ವಲ್ಪ ಹೊತ್ತು ಒತ್ತಿ ನೋಡಿ, ತೋಳು ಸೋತುಹೋಗುತ್ತದೆ. ಹೊಗಳಿಕೆಯೆಲ್ಲ ಸುತ್ತಿಗೆ ಹಿಡಿದವರಿಗೆ ಹೋಯಿತು. ತಿದಿ ಒತ್ತಿದ ಹೆಂಗಸರು, ಮಕ್ಕಳ ಹೆಸರು ಯಾರೂ ಎತ್ತಲಿಲ್ಲ, ಅಲ್ವಾ?

ನಮ್ಮ ತುಮಕೂರು ಸೀಮೆಗೆ ಈ ಕೆಲಸ ಹೊಸದಲ್ಲ. 1800ರಲ್ಲಿ ಈ ಕಡೆ ಸುತ್ತಿದ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇದನ್ನು ಬರೆದಿಟ್ಟಿದ್ದಾನೆ. ಮಳೆಗಾಲದ ಹಳ್ಳಗಳು ಬೆಟ್ಟದಿಂದ ಕಪ್ಪು ಮರಳು ಹೊತ್ತು ತರುತ್ತಿದ್ದವು. ಮಧುಗಿರಿ, ಚನ್ನರಾಯನದುರ್ಗದ ಕಡೆಯವರು ಅದರಿಂದಲೇ ಕಬ್ಬಿಣ ತೆಗೆಯುತ್ತಿದ್ದರು. ತಿದಿಯ ಗಾಳಿಗೆ ಇದ್ದಿಲು ಉರಿದು ಕಾರ್ಬನ್ ಮಾನಾಕ್ಸೈಡ್ ಅನ್ನುವ ಅನಿಲ ಹುಟ್ಟುತ್ತದೆ. ಅದು ಅದಿರಿನೊಳಗಿನ, ಅಂದರೆ ಆ ಕಪ್ಪು ಮರಳಿನೊಳಗಿನ, ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಂಥ ಮಣ್ಣಿನ ಕುಲುಮೆಯಲ್ಲಿ ಅಷ್ಟು ಕಾವು ಏರುತ್ತಿರಲಿಲ್ಲ. ಅದಿರಿನ ಕಶ್ಮಲ, ಅಂದರೆ ಕಿಟ್ಟ, ಕರಗಿ ಹರಿಯುತ್ತಿತ್ತು, ಕಬ್ಬಿಣ ತೂತು ತೂತಾದ ಮುದ್ದೆಯಾಗಿ ಉಳಿಯುತ್ತಿತ್ತು. ಅದನ್ನು ಬಡಿದು ಬಡಿದು ಉಳಿದ ಕಿಟ್ಟ ಹೊರಹಾಕಬೇಕಿತ್ತು.

ಗಾಳಿ ಜಾಸ್ತಿಯಾದರೂ ಕಷ್ಟವೇ. ಕಬ್ಬಿಣವನ್ನು ಕೊಳವೆಯ ಬಾಯಿಗೇ ಹಿಡಿದರೆ ಇದ್ದಿಲಿಗೆ ಸೇರಬೇಕಾದ ಆಮ್ಲಜನಕ ಕಬ್ಬಿಣಕ್ಕೆ ತಗಲುತ್ತದೆ. ಮೇಲೆ ಹಕ್ಕಳೆ ಏಳುತ್ತದೆ. ಬಿಳಿ ಕಿಡಿ ಚಿಮ್ಮಿತೋ, ಕಬ್ಬಿಣವೇ ಉರಿಯುತ್ತಿದೆ ಅಂತ ಅರ್ಥ. ಕೊಳವೆಗೂ ಕಬ್ಬಿಣಕ್ಕೂ ನಡುವೆ ದಪ್ಪ ಕೆಂಡ ಇರಬೇಕು.

ಈಗ ಕುಲುಮೆಗಳಿಗೆ ಕೈಯಲ್ಲಿ ತಿರುಗಿಸುವ ಫ್ಯಾನು ಬಂದಿದೆ, ಕರೆಂಟಿನ ಬ್ಲೋವರ್ ಬಂದಿದೆ. ತೋಳಿಗೆ ಬಿಡುವು ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಕಬ್ಬಿಣ ಅಡಿಗಲ್ಲಿನ ಮೇಲೆ ಏಟು ತಿನ್ನುವಾಗಲೂ ಬ್ಲೋವರ್ ಊದುತ್ತಲೇ ಇದ್ದರೆ ಇದ್ದಿಲು ಸುಮ್ನೆ ಬೂದಿಯಾಗುತ್ತದೆ. ಇದ್ದಿಲಿನ ಚೀಲಕ್ಕೆ ದುಡ್ಡು ಕೊಡುವವರಿಗೆ ಈ ಸಂಕಟ ಗೊತ್ತು. ಗಾಳಿ ಕೊಳವೆಗೆ ಅಡ್ಡಲಾಗಿ ಜಾರುವ ಒಂದು ತಗಡು ಹಾಕಿಸಿ. ಬಡಿಯುವ ಹೊತ್ತಿಗೆ ಮುಕ್ಕಾಲು ಮುಚ್ಚಿ. ಪೂರ್ತಿ ಮಾತ್ರ ಮುಚ್ಚಬೇಡಿ, ಕುಲುಮೆಯ ಅನಿಲ ಕೊಳವೆಯೊಳಕ್ಕೆ ತಿರುಗಿ ಬಂದು ಸಿಡಿಯಬಹುದು.

ನಮಸ್ಕಾರ.