ಹದಿನಾಲ್ಕು ಬಾಣಂತನಗಳು

ಪರದೆಯ ಮೇಲೆ ನೀವು ನೋಡುತ್ತಿರುವ ಈ ನೀಲಿ ಏರೋಗ್ರಾಂ, ಎಂದರೆ ವಿಮಾನದಂಚೆಯ ಕಾಗದ, 1976ರ ಫೆಬ್ರವರಿಯಲ್ಲಿ ಹೊಳೆನರಸೀಪುರದಿಂದ ನ್ಯೂಯಾರ್ಕಿನ ಫ್ಲಷಿಂಗ್‌ಗೆ ಬಂದದ್ದು. ಬರೆಸಿದವಳು ನನ್ನ ಅಜ್ಜಿ, ಬರೆದುಕೊಟ್ಟವರು ಪಕ್ಕದ ಮನೆಯ ಮೇಷ್ಟ್ರು. ಬಾಣಂತಿಗೆ ಮೊದಲ ದಿನದಿಂದ ನಲವತ್ತನೆಯ ದಿನದವರೆಗೆ ಏನು ಬಡಿಸಬೇಕು, ಏನು ಬಡಿಸಬಾರದು, ಹರಳೆಣ್ಣೆ ಎಷ್ಟು ಬೆಚ್ಚಗಿರಬೇಕು, ಸೊಂಟಕ್ಕೆ ಹಳೆಯ ಸೀರೆಯನ್ನು ಹೇಗೆ ಬಿಗಿಯಬೇಕು ಎಂಬುದೆಲ್ಲ ಇದರಲ್ಲಿದೆ. ಮಡಚಿ ಅಂಟಿಸುವ ಅಂಚಿನಲ್ಲಿಯೂ ಅಕ್ಷರಗಳಿವೆ. ಆ ಬಾಣಂತಿ ನನ್ನ ಅಮ್ಮ. ಹುಟ್ಟಲಿದ್ದ ಮಗು ನಾನು. ಕಳೆದ ವರ್ಷ ಅಮ್ಮ ತೀರಿಕೊಂಡ ಮೇಲೆ ಅವಳ ಬೀರುವಿನಲ್ಲಿ, ಒಂದು ನೋಟುಪುಸ್ತಕದ ಒಳಗೆ ಈ ಕಾಗದ ಸಿಕ್ಕಿತು.

ಅಮ್ಮ ಅಮೆರಿಕಕ್ಕೆ ಬಂದದ್ದು 1973ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಅದಕ್ಕೂ ಹಿಂದೆ, 1946ರ ಕಾನೂನಿನ ಪ್ರಕಾರ ಭಾರತದಿಂದ ವರ್ಷಕ್ಕೆ ಕೇವಲ 100 ಜನ ಅಲ್ಲಿಗೆ ವಲಸೆ ಹೋಗಬಹುದಿತ್ತು. 1965ರ ಹೊಸ ಕಾನೂನು ಆ ಪದ್ಧತಿಯನ್ನು ತೆಗೆದುಹಾಕಿದ ಮೇಲೆ ಬಂದ ಎಂಜಿನಿಯರುಗಳಲ್ಲಿ ಅಪ್ಪ ಒಬ್ಬರು, ಅವರ ಹಿಂದೆ ಬಂದವಳು ಅಮ್ಮ. ವಿದೇಶಿ ವಿನಿಮಯದ ಕಟ್ಟುಪಾಡಿನಿಂದಾಗಿ ಆಗ ಹೊರಟವರ ಕೈಯಲ್ಲಿ ಇರುತ್ತಿದ್ದದ್ದು 8 ಡಾಲರ್. ಅಮ್ಮನ ಪೆಟ್ಟಿಗೆಯಲ್ಲಿ ಅದರ ಜೊತೆಗೆ ಸಾರಿನ ಪುಡಿ, ಎರಡು ರೇಷ್ಮೆ ಸೀರೆ ಮತ್ತು ಒಂದು ಒಗ್ಗರಣೆ ಸೌಟು ಇದ್ದವು. ಆ ಸೌಟು ಈಗ ನನ್ನ ಅಡುಗೆಮನೆಯಲ್ಲಿದೆ.

ನಾನು ಹುಟ್ಟಿದಾಗ ಅವಳ ಬಳಿ ಯಾರೂ ಇರಲಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಕಡೆ ಹೇಳಿ ಮಾಡಬೇಕಾದ ವಿಷಯವೇ ಅಲ್ಲ, ಅದು ಸೂರ್ಯ ಮೂಡಿದಷ್ಟೇ ಸಹಜ. ಆದರೆ ವಿಮಾನದ ಟಿಕೆಟ್ಟಿಗೆ ಹಣವಿರಲಿಲ್ಲ. ಹೆತ್ತ ಗಳಿಗೆಯಲ್ಲೇ ಆಸ್ಪತ್ರೆಯಲ್ಲಿ ಮಂಜುಗಡ್ಡೆ ಹಾಕಿದ ನೀರನ್ನು ಅವಳ ಮುಂದೆ ಇಟ್ಟರಂತೆ. ಮೂರನೆಯ ದಿನ ಅಪ್ಪ ಕೆಲಸಕ್ಕೆ ಹೋದರು. ಮಾರ್ಚ್ ತಿಂಗಳ ಚಳಿಯಲ್ಲಿ ಮಗುವನ್ನು ಮಲಗಿಸಿ, ಏರೋಗ್ರಾಂ ಅನ್ನು ಗೋಡೆಗೆ ಅಂಟಿಸಿಕೊಂಡು, ಒಂದೊಂದೇ ಸಾಲು ಓದಿಕೊಂಡು ಅಮ್ಮ ತನ್ನ ಬಾಣಂತನವನ್ನು ತಾನೇ ಮಾಡಿಕೊಂಡಳು. ಓಂಕಾಳು ಸಿಗುತ್ತಿದ್ದದ್ದು ಮ್ಯಾನ್‌ಹಟನ್ನಿನ ಲೆಕ್ಸಿಂಗ್ಟನ್ ಅವೆನ್ಯೂನಲ್ಲಿ, 1944ರಲ್ಲಿ ಆರಂಭವಾದ ಕಲುಸ್ಟ್ಯನ್ಸ್ ಎಂಬ ಅಂಗಡಿಯಲ್ಲಿ. ಫ್ಲಷಿಂಗ್‌ನಿಂದ 7ನೇ ನಂಬರಿನ ರೈಲು ಹಿಡಿದು, ಗ್ರ್ಯಾಂಡ್ ಸೆಂಟ್ರಲ್‌ನಲ್ಲಿ ಬದಲಿಸಿ ಹೋಗಬೇಕಿತ್ತು. ಎದೆಹಾಲಿಗೆ ಒಳ್ಳೆಯದೆಂದು ಅಜ್ಜಿ ಬರೆಸಿದ್ದ ಸಬ್ಬಸಿಗೆ ಸೊಪ್ಪು ಈ ದೇಶದಲ್ಲಿ ಸಿಗಲಾರದೆಂದು ಅಮ್ಮ ಕೈಬಿಟ್ಟಿದ್ದಳು. ಆಸ್ಟೋರಿಯಾದ ಒಂದು ಗ್ರೀಕ್ ಅಂಗಡಿಯಲ್ಲಿ ಅದು ಕಟ್ಟುಕಟ್ಟಾಗಿ ಇದ್ದದ್ದನ್ನು ನೋಡಿ, ಮೂಸಿ, ಅಲ್ಲಿಯೇ ನಿಂತು ಅತ್ತಳಂತೆ. ಇದನ್ನು ನನಗೆ ಹೇಳಿದವರು ಅಪ್ಪ. ಅಮ್ಮ ಎಂದೂ ಹೇಳಲಿಲ್ಲ.

ನಾನು ಎರಡು ವರ್ಷದವಳಿದ್ದಾಗ ಅಜ್ಜಿ ತೀರಿಕೊಂಡಳು. ಆ ಸುದ್ದಿ ಹೊತ್ತ ಕಾಗದ ಇಲ್ಲಿಗೆ ಮುಟ್ಟುವಷ್ಟರಲ್ಲಿ ಊರಿನಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು.

ಈಗ ಕಾಣುತ್ತಿರುವ ಈ ಗೋಪುರ ಬೌನ್ ಸ್ಟ್ರೀಟಿನ ಗಣೇಶ ದೇವಸ್ಥಾನದ್ದು. ಹಿಂದೆ ರಷ್ಯನ್ ಆರ್ಥೊಡಾಕ್ಸ್ ಚರ್ಚ್ ಇದ್ದ ಜಾಗದಲ್ಲಿ ಕಟ್ಟಿದ ಈ ದೇವಸ್ಥಾನಕ್ಕೆ 1977ರ ಜುಲೈ 4ರಂದು ಕುಂಭಾಭಿಷೇಕವಾಯಿತು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದ ಅಮ್ಮನಿಗೆ ಅಂದು ಜನಸಂದಣಿಯ ನಡುವೆ ಯಾರೋ ಕನ್ನಡದಲ್ಲಿ ಮಗುವನ್ನು ಗದರಿಸುವುದು ಕೇಳಿಸಿತು. ಹಾಗೆ ಗದರಿಸಿದಾಕೆ ಹಾಸನದವರೇ, ಎರಡನೆಯ ಮಗುವಿನ ಬಸುರಿ. ಆ ವರ್ಷದ ಚಳಿಗಾಲದಲ್ಲಿ ಅಮ್ಮ ಅವರ ಬಾಣಂತನ ಮಾಡಿದಳು. ನೋಟುಪುಸ್ತಕದ ಮೊದಲ ಪುಟದಲ್ಲಿ ಇರುವುದು ಅವರ ಹೆಸರು.

ಅವಳು ಬಾಣಂತನ ಮಾಡಿದವರ ಒಟ್ಟು 14 ಹೆಸರುಗಳಿವೆ, ನನ್ನದೂ ಸೇರಿ. ಹಗಲು ಬ್ಯಾಂಕೊಂದರಲ್ಲಿ ಕೀಪಂಚ್ ಕೆಲಸ (ಕಾರ್ಡುಗಳಲ್ಲಿ ರಂಧ್ರ ಕೊರೆದು ಮಾಹಿತಿ ತುಂಬುವುದು), ಮುಂದೆ ಕಂಪ್ಯೂಟರಿನ ಕೆಲಸ ಮಾಡುತ್ತಲೇ, ತನ್ನ ರಜೆಯ ದಿನಗಳನ್ನು ಕೂಡಿಟ್ಟು ಅಮ್ಮ ಈ ಮನೆಗಳಿಗೆ ಹೋಗುತ್ತಿದ್ದಳು. ಎಂಬತ್ತರ ದಶಕದಲ್ಲಿ ಇಬ್ಬರೋ ಮೂವರೋ ಇದ್ದಾರೆ. ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಹುಡುಗ ಹುಡುಗಿಯರಿಂದ ನ್ಯೂಜೆರ್ಸಿಯ ಜೆರ್ಸಿ ಸಿಟಿ, ಎಡಿಸನ್ ತುಂಬಿದ ಮೇಲೆ ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಇವರ ತಾಯಂದಿರಿಗೆ ಬರಲು ಮನಸ್ಸಿತ್ತು. ಕೆಲವರಿಗೆ ವೀಸಾ ಸಿಗಲಿಲ್ಲ, ಕೆಲವರು ಹಾಸಿಗೆ ಹಿಡಿದ ಅತ್ತೆಮಾವಂದಿರನ್ನು ಬಿಟ್ಟು ಬರುವಂತಿರಲಿಲ್ಲ.

ಅಮ್ಮ ಎಂಥವಳೆಂದು ನನಗೆ ನಿಜವಾಗಿ ತಿಳಿದದ್ದು ಈ ಪುಸ್ತಕವನ್ನು ಓದಿದ ಮೇಲೆ. ಅವಳು ಹೊಳೆನರಸೀಪುರದ ಬಾಣಂತನವನ್ನು ಎಲ್ಲರ ಮೇಲೂ ಹೇರಿದ್ದಾಳೆಂದೇ ನಾನು ತಿಳಿದಿದ್ದೆ. ಹಾಗಲ್ಲ. ನನ್ನದೊಂದನ್ನು ಬಿಟ್ಟು ಪ್ರತಿ ಹೆಸರಿನ ಕೆಳಗೂ ಭಾರತದ ಒಂದು ದೂರವಾಣಿ ಸಂಖ್ಯೆಯಿದೆ, ಅದರ ಕೆಳಗೆ ಆ ಮನೆಯ ಪದ್ಧತಿಯಿದೆ. ಆ ಹುಡುಗಿಯ ತಾಯಿಗೆ ಕರೆ ಮಾಡಿ, "ನೀವು ಹೇಳಿ, ನಾನು ಮಾಡ್ತೀನಿ. ನಿಮ್ಮ ಮನೇಲಿ ಹೇಗೋ ಹಾಗೇ ಆಗಲಿ" ಎಂದು ಕೇಳಿ ಬರೆದುಕೊಂಡದ್ದು. ಧಾರವಾಡದ ಹುಡುಗಿಗೆ ಅಳವಿ ಪಾಯಸ, ಅಂಟಿನ ಉಂಡಿ. ಮಂಗಳೂರಿನವಳಿಗೆ ಮೆಂತೆ ಗಂಜಿ. ನಮ್ಮ ಕಡೆಯವರಿಗೆ ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ. ಅದರಲ್ಲಿಯೂ ಒಬ್ಬಳಿಗೆ ಮೆಣಸು ಕಡಿಮೆ, ಇನ್ನೊಬ್ಬಳಿಗೆ ಜೀರಿಗೆ ಹೆಚ್ಚು. ದೂರದಲ್ಲಿರುವ ಆ ತಾಯಿಯ ಕೈ ತಾನಾಗಬೇಕೆಂಬುದಷ್ಟೇ ಅಮ್ಮನ ಆಸೆಯಾಗಿತ್ತೆಂದು ನನಗೆ ಅನ್ನಿಸುತ್ತದೆ. 1976ರಲ್ಲಿ ಅವಳಿಗೆ ಕಾಗದ ತಲುಪಿತ್ತು, ಕೈ ತಲುಪಿರಲಿಲ್ಲ.

2003ರಲ್ಲಿ ನನ್ನ ಮಗಳು ಹುಟ್ಟಿದಾಗ ಅಮ್ಮ ನಮ್ಮ ಮನೆಯಲ್ಲಿ ಮೂರು ತಿಂಗಳಿದ್ದಳು. ಬಚ್ಚಲಿನ ಟಬ್ಬಿನೊಳಗೆ ಮಣೆ ಇಟ್ಟು, ಕಾಲು ಚಾಚಿ ಕೂತು, ಮೊಮ್ಮಗಳನ್ನು ಮೊಳಕಾಲಿನ ಮೇಲೆ ಬೋರಲಾಗಿ ಮಲಗಿಸಿ ನೀರು ಹಾಕುತ್ತಿದ್ದ ಅವಳ ಬೆನ್ನು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಸಾಂಬ್ರಾಣಿ ಹಾಕಿದಾಗಲೆಲ್ಲ ಹೊಗೆಯ ಅಲಾರಂ ಕೂಗಿ ಮಗು ಬೆಚ್ಚುತ್ತಿದ್ದರಿಂದ, ಅವಳು ಕೆಂಡದ ತಟ್ಟೆಯನ್ನು ಹೊರಗಿನ ಜಗುಲಿಗೆ ಒಯ್ದು, ಮಗುವಿನ ಬಟ್ಟೆಗಳನ್ನು ಆ ಹೊಗೆಗೆ ಹಿಡಿದು, ಘಮ ಆರುವ ಮೊದಲೇ ಒಳಗೆ ತಂದು ತೊಡಿಸುತ್ತಿದ್ದಳು. ಆ ಮಗಳಿಗೆ ಈಗ ಅಜ್ಜಿಯ ಕನ್ನಡವೇ ಬರುತ್ತದೆ. "ಕೂಸೇ" ಎಂಬ ಪದವನ್ನು ಅವಳಷ್ಟು ಸೊಗಸಾಗಿ ನಾನು ಹೇಳಲಾರೆ.

ಅಮ್ಮ ಹೋದ ಹದಿಮೂರನೆಯ ದಿನ ಹನ್ನೊಂದು ಮಂದಿ ಬಂದಿದ್ದರು, ಇಬ್ಬರು ದೂರದಿಂದ ಫೋನ್ ಮಾಡಿದರು. ಧಾರವಾಡದ ಆ ಹುಡುಗಿಯ ತಾಯಿಯೂ ಮಾತಾಡಿದರು. ಅಮ್ಮನ ಮುಖವನ್ನು ಒಮ್ಮೆಯೂ ನೋಡದ ಆ ವೃದ್ಧೆ, "ನನ್ನ ಮಗಳಿಗೆ ಆಕಿ ಹಾಕಿದ ನೀರು ನಾನ ಹಾಕಿದ್ಹಂಗ ಆತವ್ವಾ" ಎಂದರು. ನನಗೆ ಉತ್ತರಿಸಲು ದನಿ ಏಳಲಿಲ್ಲ.

ನೋಟುಪುಸ್ತಕದಲ್ಲಿ ಹದಿನೈದನೆಯ ಪುಟವೂ ಇದೆ. ಅದರಲ್ಲಿ ಎಡಿಸನ್ನಿನ ಒಬ್ಬ ಹುಡುಗಿಯ ಹೆಸರು, ಶಿವಮೊಗ್ಗದ ಒಂದು ಸಂಖ್ಯೆ ಮಾತ್ರ ಇವೆ. ಕೆಳಗೆ ಖಾಲಿ. ಹೋದ ವಾರ ಆ ಸಂಖ್ಯೆಗೆ ಕರೆ ಮಾಡಿದೆ. ನಾನು ಯಾರೆಂದು ಹೇಳಿದೊಡನೆ ಅತ್ತ ಕಡೆಯ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬರ್ಕೊಳ್ಳಮ್ಮ" ಎಂದರು.